ಶನಿವಾರದ ಸೈಕಲ್

ನಾನು ಪೀಟಿ ಮಾಸ್ತರ. ಕೊಟ್ಟೂರಿನಿಂದ ಉಜ್ಜಿನಿ ಕಡೆಗೆ ಹೋಗುವ ರಸ್ತೆಯ ಬದಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸೀಟಿ ಊದುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಮಾಸ್ತರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಕ್ಕಳು ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಈ ಆಯುಷ್ಯದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬಂದಿರುವುದು ನನ್ನ ಮೇಲೆಯೇ, ಅದೂ ಒಂದು ಸೈಕಲ್ಲಿನ ಕಾರಣಕ್ಕೆ. ಆ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ. ಈಗ ಹೇಳುವ ಹೊತ್ತು ಬಂದಿದೆ.

ಹದಿನೆಂಟು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಎಂಟನೇ ತರಗತಿಗೆ ಬಂದ ಮಕ್ಕಳಿಗೆಲ್ಲ ಸರ್ಕಾರ ಸೈಕಲ್ ಕೊಡುತ್ತದಂತೆ ಎಂಬ ಸುದ್ದಿ ಬಂದ ಹೊಸತು. ಆಗ ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲೇ ಇತ್ತು. ನಮ್ಮ ಶಾಲೆಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ನಡೆದೇ ಬರುತ್ತಿದ್ದರು. ಒಂದು ಹರದಾರಿ ದೂರದ, ಅಂದರೆ ಐದು ಕಿಲೋಮೀಟರಿನ ಮೇಲಾಗುವ, ಒಂದು ಸಣ್ಣ ಹಳ್ಳಿಯಿಂದ ಆರು ಹುಡುಗಿಯರು ಬರುತ್ತಿದ್ದರು. ಎಂದೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಮೆಕ್ಕೆಜೋಳದ ಹೊಲದ ಆಚೆಯಿಂದ ಮೊದಲು ನಗು ಕೇಳುತ್ತಿತ್ತು, ಆಮೇಲೆ ಆರು ಜನ ಸಾಲಾಗಿ ಕಾಣುತ್ತಿದ್ದರು, ಚಪ್ಪಲಿಯ ತುಂಬ ಜಾಲಿ ಮುಳ್ಳು. ಪ್ರಾರ್ಥನೆ ಮುಗಿದಿರುತ್ತಿತ್ತು. ನಾನು ಬೈಯುತ್ತಿದ್ದೆ, ಅವರು ತಲೆ ತಗ್ಗಿಸಿ ಒಳಗೊಳಗೇ ನಗುತ್ತಿದ್ದರು.

ಸರ್ಕಾರದ ಕೆಲಸಗಳಲ್ಲಿ ನನಗೆ ಮನಸಾರೆ ಹಿಡಿಸಿದ್ದು ಈ ಸೈಕಲ್ ಯೋಜನೆ. ಹೆಣ್ಣುಮಗಳೊಬ್ಬಳು ಯಾರನ್ನೂ ಕಾಯದೆ, ಯಾರ ಹಿಂದೆಯೂ ಕೂರದೆ, ತನ್ನ ಕಾಲಿನ ಬಲದಿಂದಲೇ ಶಾಲೆಗೆ ಬರುವುದೆಂದರೆ ಸಣ್ಣ ಮಾತೇ? ಜವಾಬ್ದಾರಿ ಯಾರಿಗೆ ಎಂದು ಹೆಡ್‌ಮಾಸ್ತರು ಕೇಳಿದಾಗ ನಾನೇ ಕೈ ಎತ್ತಿದೆ. ಕೂಡ್ಲಿಗಿಗೆ ಮೂರು ಸಲ ಅಲೆದೆ. ಅಲ್ಲಿ ಲಾರಿಯಿಂದ ಇಳಿದ ಬಿಡಿ ಸಾಮಾನುಗಳನ್ನು ಜೋಡಿಸುತ್ತಿದ್ದವರ ಬೆನ್ನಿಗೆ ನಿಂತು ಒಂದೊಂದು ನಟ್ಟನ್ನೂ ತಿರುವಿಸಿದೆ. ಹಾಸ್ಟೆಲಿನವರಿಗೆ ಇಲ್ಲ, ಬಸ್ ಪಾಸ್ ಇದ್ದವರಿಗೆ ಇಲ್ಲ, ಉಳಿದವರ ಹೆಸರು ರಿಜಿಸ್ಟರಿಗೆ. ಹುಡುಗಿಯರ ಸೈಕಲ್ಲಿಗೆ ಮುಂದೊಂದು ಬುಟ್ಟಿ, ಹಿಂದೆ ಕ್ಯಾರಿಯರು, ಬೆಲ್ಲು, ಸ್ಟ್ಯಾಂಡು ಎಲ್ಲ ಇತ್ತು. ನಮಗೆ ಬಂದವಕ್ಕೆ ಬೀಗ ಮಾತ್ರ ಇರಲಿಲ್ಲ.

ಪಟ್ಟಿಗಿಂತ ಒಂದು ಸೈಕಲ್ ಹೆಚ್ಚಿಗೆ ಉಳಿಯಿತು. ಹೆಸರಿದ್ದ ಒಬ್ಬ ಹುಡುಗಿಯ ಅಪ್ಪ ಅವ್ವ ಕಾಫಿ ತೋಟದ ಕೂಲಿಗೆಂದು ಚಿಕ್ಕಮಗಳೂರಿನ ಕಡೆ ಹೋಗುವಾಗ ಅವಳನ್ನೂ ಶಾಲೆ ಬಿಡಿಸಿ ಕರೆದುಕೊಂಡು ಹೋಗಿದ್ದರು. ಆ ಸೈಕಲ್ಲನ್ನು ಆಟದ ಸಾಮಾನಿನ ಕೋಣೆಯಲ್ಲಿ ನಿಲ್ಲಿಸಿ, ಏನು ಮಾಡಬೇಕೆಂದು ಮೇಲಿನ ಕಚೇರಿಗೆ ಕಾಗದ ಬರೆದೆ.

ಹಂಚುವ ದಿನಕ್ಕೆ ದೊಡ್ಡವರೊಬ್ಬರು ಬರಬೇಕಿತ್ತು. ಅವರಿಗೆ ಬಿಡುವಾಗಿದ್ದು ಶನಿವಾರ. ಬೆಳಗಿನ ಶಾಲೆ, ಪೆಂಡಾಲು, ಮಾಲೆ, ಭಾಷಣ, ಫೋಟೋ. ಫೋಟೋಕ್ಕೆ ಮುಂಚೆ ಎಲ್ಲರ ಸಹಿ. ಹನ್ನೆರಡೂವರೆಗೆ ದೊಡ್ಡವರ ಗಾಡಿ ಹೊರಟಿತು, ಹೆಡ್‌ಮಾಸ್ತರೂ ಅದರ ಹಿಂದೆಯೇ ಹೊರಟರು. ನಾನು ಬೆವರು ಒರೆಸಿಕೊಂಡು ತಿರುಗಿ ನೋಡಿದರೆ ಸೈಕಲ್ ಒಯ್ಯಬೇಕಾದವರು ಯಾರೂ ಒಯ್ಯುತ್ತಿಲ್ಲ. ಅಪ್ಪಂದಿರು, ಅಜ್ಜಿಯರು ಬೇವಿನ ಮರದ ಕೆಳಗೆ ಗುಜುಗುಜು ಮಾತಾಡುತ್ತ ನಿಂತಿದ್ದಾರೆ. ಆ ಆರು ಹುಡುಗಿಯರಲ್ಲಿ ಒಬ್ಬಳ ಅಜ್ಜಿ ಮುಂದೆ ಬಂದಳು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದವಳು ಅವಳೇ.

“ಯಪ್ಪಾ, ಇವತ್ತು ಶನಿವಾರ ಐತಿ. ಕಬ್ಬಣ ಮನಿ ಹೊಸ್ತಿಲ ದಾಟಬಾರದು. ಸೋಮವಾರ ಒಯ್ತೀವಿ, ಇಲ್ಲೇ ಇರಲಿ.”

ನನಗೆ ಪಿತ್ತ ನೆತ್ತಿಗೇರಿತು. “ಏನಬೇ, ಸರ್ಕಾರ ಪುಕ್ಕಟೆ ಕೊಟ್ಟಿದ್ದಕ್ಕೂ ಶನಿ ಹಿಡಿತಾನೇನು? ನಾನೇನು ಇಲ್ಲಿ ಕಾವಲುಗಾರನೇನು?” ಎಂದು ಕೂಗಾಡಿದೆ. ಯಾರೂ ಜಗ್ಗಲಿಲ್ಲ. ಅಜ್ಜಿ ಮೆತ್ತಗೆ, “ನಮಗ ಇರೋದು ಇದೊಂದ ಕೂಸು. ಏನರ ಆದ್ರ ಹೆಂಗಪ್ಪಾ?” ಎಂದಳು. “ಆತು ಹೋಗ್ರಿ. ನಾನದೀನಿ, ಎಲ್ಲಿಗೂ ಹೋಗಂಗಿಲ್ಲ” ಎಂದೆ.

ಒಂದೊಂದೇ ಸೈಕಲ್ಲನ್ನು ಆಟದ ಕೋಣೆಗೆ ತಳ್ಳಿಸಿದೆ. ಅಜ್ಜಿಯ ಮೊಮ್ಮಗಳು ಮಾತ್ರ ತನ್ನದನ್ನು ಬಿಡಲೊಲ್ಲಳು. ಸೈಕಲ್ ಹೊಡೆಯಲು ಬರುತ್ತಿರಲಿಲ್ಲ; ಹ್ಯಾಂಡಲ್ ಹಿಡಿದು ಮೈದಾನದ ಸುತ್ತ ತಳ್ಳಿಕೊಂಡು ನಡೆಯುತ್ತಿದ್ದಳು. ಒಂದು ಸುತ್ತಾಯಿತು, ಎರಡಾಯಿತು. ಮೂರನೇ ಸುತ್ತು ಮುಗಿಸಿ ಬರುವಷ್ಟರಲ್ಲಿ ಕೋಣೆ ತುಂಬಿತ್ತು. ಅವಳದನ್ನು ಎಷ್ಟು ಅಡ್ಡಡ್ಡ ಮಾಡಿದರೂ ಬಾಗಿಲು ಹಾಕಲು ಬರಲಿಲ್ಲ.

“ವರಾಂಡದಾಗ ನಿಲ್ಸು. ನಾನು ಬೀಗ ಹಾಕಿಸ್ತೀನಿ” ಎಂದೆ. ಅವಳು ಸೀಟನ್ನು ಅಂಗೈಯಲ್ಲಿ ಒಮ್ಮೆ ಒರೆಸಿ, ಅಜ್ಜಿಯ ಜೊತೆ ಹೋದಳು.

ಶಾಲೆಯ ಎದುರಿಗೇ ಕಬ್ಬಿಣದ ಸಾಮಾನಿನ ಅಂಗಡಿ. ಚೈನು ಬೀಗಗಳು ಬಾಗಿಲಿಗೇ ತೂಗುಬಿದ್ದಿದ್ದವು. ನಾನು ಅಂಗಡಿಯ ಕಟ್ಟೆಯವರೆಗೆ ಹೋದೆ. ಅಲ್ಲಿ ನಿಂತುಬಿಟ್ಟೆ. ನಮ್ಮದು ಹರಪನಹಳ್ಳಿ. ಶನಿವಾರ ನಮ್ಮ ಮನೆಗೆ ಒಂದು ಮೊಳೆ ಬಂದದ್ದಿಲ್ಲ, ಒಂದು ಪಾವು ಎಣ್ಣೆ ಬಂದದ್ದಿಲ್ಲ. ಆ ತಿಂಗಳು ನನ್ನ ಮಗನಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಶನಿವಾರ ಜೋಕೆ ಎಂದು ಅವ್ವ ಹಿಂದಿನ ವಾರವೇ ಎಚ್ಚರಿಸಿದ್ದಳು. ಬೀಗ ಶಾಲೆಗೆ, ಮನೆಗಲ್ಲ ಎಂದು ಬುದ್ಧಿ ಹೇಳಿತು. ಕೈ ಮಾತ್ರ ಜೇಬಿಗೆ ಇಳಿಯಲಿಲ್ಲ. ಅರ್ಧ ಗಂಟೆಯ ಹಿಂದೆ ಆ ಮುದುಕಿಯ ಮೇಲೆ ಹಾರಾಡಿದವನು ಇದೇ ನಾನು! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಹಾಗೆ.

ಮನೆಗೆ ಹೋಗುವ ಒಂದೂವರೆಯ ಬಸ್ಸಿಗೆ ಹೊತ್ತಾಗಿತ್ತು. ತಿರುಗಿ ಬಂದು, ಹಗ್ಗಜಗ್ಗಾಟದ ದಪ್ಪ ಹಗ್ಗ ತೆಗೆದು, ಸೈಕಲ್ಲನ್ನು ವರಾಂಡದ ಕಂಬಕ್ಕೆ ಮೂರು ಸುತ್ತು ಬಿಗಿದೆ. ನಾಲ್ಕು ಗಂಟು ಹಾಕಿದೆ. ನಾನು ಹಾಕಿದ ಗಂಟನ್ನು ಯಾವ ಮಗ ಬಿಚ್ಚುತ್ತಾನೆ ನೋಡೋಣ ಎಂದುಕೊಂಡು ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಬಂದರೆ ಕಂಬದ ಬುಡದಲ್ಲಿ ಹಗ್ಗ ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ಕೊಯ್ದಿರಲಿಲ್ಲ. ಪುರುಸೊತ್ತಾಗಿ ಬಿಚ್ಚಿ, ಸುರುಳಿ ಮಾಡಿ ಇಟ್ಟು ಹೋಗಿದ್ದರು. ನನಗಿಂತ ಮೊದಲೇ ಬಂದು ಆ ಹುಡುಗಿ ಅಲ್ಲಿ ನಿಂತಿದ್ದಳು. ಅವತ್ತೊಂದು ದಿನ ಹೊತ್ತಿಗೆ ಮುಂಚೆ ಬಂದಿದ್ದಳು ನೋಡಿ. ಕೈಯಲ್ಲಿ ಒಂದು ತೆಂಗಿನಕಾಯಿ, ಒಂದು ನಿಂಬೆಹಣ್ಣು. ಸೈಕಲ್ಲಿಗೆ ಪೂಜೆ ಮಾಡಿಸಿಕೊಂಡು ಬಾ ಎಂದು ಅಜ್ಜಿ ಕಳಿಸಿದ್ದು. ಅಳಲಿಲ್ಲ ಹುಡುಗಿ. “ಸರ್, ನಂದು ಒಳಗ ಇಟ್ಟೀರೇನ್ರಿ?” ಎಂದು ಕೇಳಿದಳು.

ಅವತ್ತು ಸಂಜೆಯವರೆಗೂ ಊರೆಲ್ಲ ತಿರುಗಿದೆ. ಯಾರೂ ನೋಡಿಲ್ಲ, ಯಾರಿಗೂ ಗೊತ್ತಿಲ್ಲ. ಹೆಡ್‌ಮಾಸ್ತರ ಹತ್ತಿರ ಹೋದರೆ, “ಸಹಿ ಆಗೈತಿ, ಫೋಟೋ ಆಗೈತಿ. ನಮ್ಮ ಕೈ ದಾಟೇತ್ರಿ ಅದು” ಎಂದರು.

“ಒಳಗ ಒಂದು ಹೆಚ್ಚಿಗಿ ಐತಲ್ರಿ ಸರ್.”

“ಅದು ಆಕಿ ಹೆಸರಿಂದಲ್ಲ. ಆದೇಶ ಬರಲಿ.”

ಅವರನ್ನು ದೂರಿ ಪ್ರಯೋಜನವಿಲ್ಲ. ಆ ಕೋಣೆಯ ಕೀಲಿ ಇದ್ದದ್ದು ನನ್ನ ಸೊಂಟದಲ್ಲಿ. ನಾನು ಬಾಗಿಲು ತೆಗೆದು, ಒಯ್ಯಿ ಮಗಳೇ ಎಂದಿದ್ದರೆ ಯಾರೂ ನನ್ನನ್ನು ನೇಣಿಗೆ ಹಾಕುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಆ ಪೂಜಾರಿ ನಾನೇ ಆದೆ. ಮತ್ತೊಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಮಕ್ಕಳು ಚೆಂಡು ತೆಗೆದುಕೊಳ್ಳಲು ಬಂದಾಗಲೆಲ್ಲ ಅವಳು ಕಿಟಕಿಯ ಸರಳು ಹಿಡಿದು ಒಳಗೆ ಇಣುಕುತ್ತಿದ್ದಳು. ಆ ಒಂಟಿ ಸೈಕಲ್ ಗೋಡೆಗೆ ಒರಗಿಕೊಂಡು ನಿಂತಿರುತ್ತಿತ್ತು.

ಉಳಿದ ಐವರಿಗೆ ಮೈದಾನದಲ್ಲಿ ಸೈಕಲ್ ಕಲಿಸಿದೆ. ಒಬ್ಬೊಬ್ಬರ ಕ್ಯಾರಿಯರ್ ಹಿಡಿದು ನಾನು ಓಡುತ್ತಿದ್ದರೆ, ಪಕ್ಕದಲ್ಲಿ ಇವಳೂ ಓಡುತ್ತಿದ್ದಳು. “ಮುಂದ ನೋಡಲೇ, ಕೆಳಗ ನೋಡಬ್ಯಾಡ!” ಎಂದು ಗೆಳತಿಯರಿಗೆ ಇವಳದೇ ಪಾಠ. ನೀನೂ ಒಂದು ಸುತ್ತು ಹೊಡಿ ಎಂದು ಗೆಳತಿಯೊಬ್ಬಳು ತನ್ನದನ್ನು ಕೊಟ್ಟರೆ, “ಬಿದ್ದು ಮುರಿದ್ರ ಕೊಡಾಕ ನನ್ನ ಕಡೆ ಇನ್ನೊಂದಿಲ್ಲ” ಎಂದು ಮುಟ್ಟಲಿಲ್ಲ.

ವಾರದೊಳಗೆ ಐವರೂ ರಸ್ತೆಗಿಳಿದರು. ಪ್ರಾರ್ಥನೆಗೆ ಮುಂಚೆಯೇ ಬೆಲ್ಲು ಬಾರಿಸುತ್ತ ಬರತೊಡಗಿದರು. ನನಗೆ ಎಷ್ಟು ಹೆಮ್ಮೆ! ಕೆಲವು ದಿನ ಸರದಿಯ ಮೇಲೆ ಇವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದರು. ಆದರೆ ಶ್ರಾವಣದ ಎದುರು ಗಾಳಿ, ಹಳ್ಳ ದಾಟಿದ ಮೇಲೆ ಏರು. ಹೊಸದಾಗಿ ಕಲಿತವರು, ಎರಡು ಸಲ ಬಿದ್ದರು. ಒಬ್ಬಳ ಮೊಣಕಾಲು ಒಡೆಯಿತು, ಅವಳ ಅವ್ವ ಇವಳ ಮನೆಗೆ ಹೋಗಿ ಜಗಳ ಕಾಯ್ದಳು. ಆಮೇಲೆ ಇವಳು ನಡೆದು ಬರತೊಡಗಿದಳು. ಮೆಕ್ಕೆಜೋಳದ ಹೊಲದ ಆಚೆಯಿಂದ ಈಗ ನಗು ಕೇಳುತ್ತಿರಲಿಲ್ಲ. ದಸರಾ ರಜೆ ಕಳೆದ ಮೇಲೆ ಬರಲೇ ಇಲ್ಲ.

ಎರಡು ವಾರ ನೋಡಿ, ನನ್ನ ಹಳೆಯ ಸೈಕಲ್ ಹತ್ತಿ ಅವರ ಹಳ್ಳಿಗೆ ಹೋದೆ. ಆ ದಾರಿಯಲ್ಲಿ ಒಂದು ನರಪಿಳ್ಳೆಯೂ ನಡೆಯುವುದು ಕಾಣಲಿಲ್ಲ. ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಹುಡುಗಿ ಕೂಲಿಗೆ ಹೋಗಿದ್ದಳು. ಅಜ್ಜಿ ನನಗೆ ಕೂರಲು ಚಾಪೆ ಹಾಸಿ, ನೀರು ಕೊಟ್ಟಳು.

“ಆರು ಮಂದಿ ಜೊತಿಲೆ ನಡಕೋತ ಹೋಗ್ತಿದ್ರು, ನನಗ ಅಂಜಿಕಿ ಇದ್ದಿಲ್ಲ. ಈಗ ಆ ದಾರ್ಯಾಗ ನಡಿಯೋರ ಇಲ್ಲ. ಬೆಳದ ಹುಡುಗಿ, ಒಬ್ಬಾಕಿನ ಹೆಂಗ ಕಳಿಸ್ಲಿ ಯಪ್ಪಾ? ಸೈಕಲ್ ಬರೋಕಿಂತ ಮೊದಲ ಚಲೋ ಇತ್ತು.”

ಈ ಮಾತು ನನಗೆ ಹೊಳೆದೇ ಇರಲಿಲ್ಲ. ಸೈಕಲ್ ಬಂದರೆ ದೂರ ಕಡಿಮೆಯಾಗುತ್ತದೆ ಎಂಬ ಲೆಕ್ಕ ನನ್ನದು. ಐವರು ಸೈಕಲ್ ಹತ್ತಿದ ಮೇಲೆ ಆರನೆಯವಳ ದಾರಿ ಮೊದಲಿಗಿಂತ ಉದ್ದವಾಗುತ್ತದೆ ಎಂದು ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ.

ನಾನು ಏನೇನೋ ಸಮಜಾಯಿಷಿ ಹೇಳಹೋದೆ. ಅಜ್ಜಿ ಕೈ ಅಡ್ಡ ಮಾಡಿದಳು. “ನಿಮ್ಮದೇನು ತಪ್ಪಿಲ್ಲ ಬಿಡ್ರಿ. ಶನಿವಾರ ಅಂತ ಬಿಡಿಸಿದಾಕಿ ನಾನು. ಅವತ್ತ ಒಯ್ದಿದ್ರ ನನ್ನ ಕೂಸಿನ ಸೈಕಲ್ ಮನಿ ಮುಂದ ಇರ್ತಿತ್ತು. ನನ್ನ ಬಾಯಿಗಿಷ್ಟು ಮಣ್ಣು ಹಾಕ!”

ಆಗ ಹೇಳಬೇಕಿತ್ತು. ಇಲ್ಲವ್ವಾ, ಬೀಗದ ಅಂಗಡಿಯ ಮುಂದೆ ನಾನೂ ನಿನ್ನ ಹಾಗೇ ಹೆದರಿ ತಿರುಗಿ ಬಂದೆ, ಹಗ್ಗ ಕಟ್ಟಿದವನು ನಾನು ಎನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ನೀರು ಕುಡಿದು, ನಮಸ್ಕಾರ ಮಾಡಿ ಬಂದೆ. ಪೀಟಿ ಮಾಸ್ತರನ ಮರ್ಯಾದೆ ಉಳಿಯಿತು.

ಅಲ್ಲಿಂದೀಚೆಗೆ ವರ್ಷ ವರ್ಷವೂ ಸೈಕಲ್ ಬಂದವು. ನಾನು ಶನಿವಾರ ಮಾತ್ರ ಹಂಚಲು ಬಿಡಲಿಲ್ಲ. ದೊಡ್ಡವರಿಗೆ ಬಿಡುವಿಲ್ಲವೆಂದರೆ ಅವರಿಲ್ಲದೆಯೇ ಹಂಚಿದ್ದೂ ಉಂಟು, ಅದಕ್ಕೆ ಬೈಸಿಕೊಂಡದ್ದೂ ಉಂಟು. ಒಂದು ಹಳ್ಳಿಗೆ ಒಂದು ಸೈಕಲ್ ಕಡಿಮೆ ಬಿದ್ದರೂ ಪೂರ್ತಿ ಆಗುವವರೆಗೆ ಆ ಹಳ್ಳಿಯ ಯಾರಿಗೂ ಕೊಡುತ್ತಿರಲಿಲ್ಲ. ಮಾಸ್ತರಿಗೆ ತಲೆ ಕೆಟ್ಟಿದೆ ಎಂದರು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಅದು, ನನಗೂ ಗೊತ್ತಿತ್ತು. ಈಗ ಕೆಲವು ವರ್ಷಗಳಿಂದ ಸೈಕಲ್ ಬರುವುದೇ ನಿಂತಿದೆ. ಮತ್ತೆ ಶುರುವಾಗುತ್ತದೆ ಎನ್ನುತ್ತಾರೆ, ಆಗುವುದಿಲ್ಲ ಎನ್ನುತ್ತಾರೆ.

ಈ ವರ್ಷ ಶಾಲೆ ಶುರುವಾದ ಮೊದಲ ತಿಂಗಳು ಒಬ್ಬ ಹೆಣ್ಣುಮಗಳು ಎಂಟನೇ ತರಗತಿಯ ಮಗಳನ್ನು ಕರೆದುಕೊಂಡು ಮೈದಾನಕ್ಕೇ ಬಂದಳು. ಮುಖ ನೋಡಿದೆ, ಗುರುತು ಹತ್ತಲಿಲ್ಲ. ಅವಳೇ ಹಳ್ಳಿಯ ಹೆಸರು ಹೇಳಿ, “ಹಗ್ಗದ ಸೈಕಲ್ ಹುಡುಗಿ ರೀ ಸರ್” ಎಂದಳು. ನಕ್ಕಳು. ನನಗೆ ನಗು ಬರಲಿಲ್ಲ. ಮದುವೆಯೂ ಅದೇ ಹಳ್ಳಿಯಲ್ಲೇ ಆಗಿತ್ತಂತೆ. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

“ಈಕಿಗೆ ಸೈಕಲ್ ಯಾವಾಗ ಕೊಡ್ತೀರ್ರಿ?”

“ಈಗ ಕೊಡೋದು ನಿಂತೈತಮ್ಮ. ಬಸ್ಸಿಗೆ ಹೆಣ್ಮಕ್ಕಳಿಗೆ ಟಿಕೀಟ ಇಲ್ಲಲ್ಲ?”

“ಟಿಕೀಟೂ ಇಲ್ಲ, ನಮ್ಮೂರಿಗೆ ಬಸ್ಸೂ ಇಲ್ರಿ. ನಮ್ಮೂರಿಂದ ಈ ಸಾರಿ ಈಕಿ ಒಬ್ಬಾಕಿನ ಸರ್ಕಾರಿ ಸಾಲಿಗೆ. ಉಳಿದೋರು ಹಳದಿ ಬಸ್ಸಿಗೆ ಹತ್ತಿ ಕಾನ್ವೆಂಟಿಗೆ ಹೋಗ್ತಾರ. ದಿನಾ ಕೂಲಿ ಬಿಟ್ಟು ನಾನ ನಡಸ್ಕೊಂಡು ಬರಾಕತ್ತೀನಿ. ಎಷ್ಟು ದಿನ ಆಕ್ಕೈತ್ರಿ ಸರ್?”

ಅವಳು ಆಟದ ಕೋಣೆಯ ಕಡೆ ನೋಡಿದಳು. “ಅದರೊಳಗ ಒಂದು ಇತ್ತಲ್ರಿ ಅವಾಗ. ಯಾರಿಗರ ಕೊಟ್ರೇನು?”

ಕೊಟ್ಟಿರಲಿಲ್ಲ. ಇಷ್ಟು ವರ್ಷವೂ ಅದು ದಾಸ್ತಾನು ರಿಜಿಸ್ಟರಿನಲ್ಲಿ ಒಂದು ಸಾಲಾಗಿ, ಹರಿದ ವಾಲಿಬಾಲ್ ನೆಟ್ಟಿನ ಹಿಂದೆ ನಿಂತೇ ಇತ್ತು. ಬಾಗಿಲು ತೆಗೆದು ತೋರಿಸಿದೆ. ಟಯರು ಸೀಳಿ ನೆಲಕ್ಕೆ ಅಂಟಿದ್ದವು, ಚೈನು ತುಕ್ಕು ಹಿಡಿದಿತ್ತು, ಬುಟ್ಟಿಯಲ್ಲಿ ಇಲಿ ಗೂಡು ಕಟ್ಟಿತ್ತು. ಅವಳು ಸೀಟಿನ ಧೂಳನ್ನು ಅಂಗೈಯಲ್ಲಿ ಒರೆಸಿದಳು.

ಈಗಿನ ಹೆಡ್‌ಮೇಡಂ, “ಆಡಿಟ್‌ನೋರು ಕೇಳಿದ್ರೆ ಏನ್ ಹೇಳ್ಲಿ ಸರ್?” ಎಂದರು. “ಪೀಟಿ ಮಾಸ್ತರ ಕದ್ದ ಅಂತ ಬರೀರಿ” ಎಂದೆ. ಕೊಟ್ಟೂರಿನಲ್ಲಿ ಸೈಕಲ್ ರಿಪೇರಿ ಮಾಡುವ ಒಬ್ಬನೇ ಒಬ್ಬ ಮುದುಕ ಉಳಿದಿದ್ದಾನೆ. ಅವನ ಹತ್ತಿರ ಒಯ್ದು ಕೆಡವಿದೆ. “ಫ್ರೇಮು ಗಟ್ಟಿ ಐತ್ರಿ ಮಾಸ್ತರ, ಉಳಿದಿದ್ದು ಹೊಸದು ಹಾಕೋಣ” ಎಂದ. ವಾರ ಹಿಡಿಯಿತು. ಮುಗಿದದ್ದು ಶುಕ್ರವಾರ ಸಂಜೆ.

ಮರುದಿನ ಬೆಳಗಿನ ಶಾಲೆ ಬಿಟ್ಟಾಗ ತಾಯಿ ಮಗಳು ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ಸೈಕಲ್ ತಂದು ನಿಲ್ಲಿಸಿದೆ. ತಾಯಿ ಹ್ಯಾಂಡಲಿಗೆ ಕೈ ಹಾಕಿದಳು. ನನ್ನ ಬಾಯಿಂದ ಏನು ಮಾತು ಬಂತು ಕೇಳಿ:

“ಇವತ್ತು ಶನಿವಾರ ಐತಮ್ಮ. ಬೇಕಾದ್ರೆ ಸೋಮವಾರ ಒಯ್ಯಿ. ನಾನದೀನಿ, ಎಲ್ಲಿಗೂ ಹೋಗಂಗಿಲ್ಲ.”

ಅವಳು ಹ್ಯಾಂಡಲ್ ಬಿಡಲಿಲ್ಲ. “ಬ್ಯಾಡ್ರಿ ಸರ್. ಒಂದ ಸಾರಿ ಬಿಟ್ಟು ಹೋಗಿ ನೋಡೀನಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. “ಒಂದು ನಿಮಿಷ ಇಲ್ಲೇ ನಿಲ್ಲು” ಎಂದು ಎದುರಿನ ಅಂಗಡಿಗೆ ಹೋದೆ. ಹಳೆಯವನ ಮಗ ಈಗ ಗಲ್ಲಾದ ಮೇಲೆ ಕೂರುತ್ತಾನೆ. ಚೈನು ಬೀಗ ಕೇಳಿದರೆ, “ಇವತ್ತು ಶನಿವಾರಲ್ರಿ ಮಾಸ್ತರ?” ಎಂದ. “ಗೊತ್ತೈತಿ, ಕೊಡಪ್ಪ” ಎಂದೆ. ಹೆದರಿಕೆ ಈ ಸಲವೂ ಇತ್ತು, ಸುಳ್ಳು ಹೇಳುವುದಿಲ್ಲ; ಕೈ ಮಾತ್ರ ಜೇಬಿಗೆ ಇಳಿಯಿತು.

ಬೀಗ, ಕೀಲಿ ಅವಳ ಕೈಗೆ ಕೊಟ್ಟೆ. ಮಗಳ ಎದುರಿಗೇ ಎಲ್ಲ ಹೇಳಿದೆ. ಅವತ್ತು ಇದೇ ಅಂಗಡಿಯ ಕಟ್ಟೆಯವರೆಗೆ ಹೋಗಿದ್ದು, ಶನಿವಾರವೆಂದು ಹೆದರಿ ಬೀಗ ಕೊಳ್ಳದೆ ತಿರುಗಿದ್ದು, ಹಗ್ಗ ಬಿಗಿದು ಬಸ್ಸು ಹತ್ತಿದ್ದು. ಮುಚ್ಚಿಟ್ಟದ್ದು ಏನೂ ಉಳಿಯಲಿಲ್ಲ.

ಅವಳು ಕೇಳುತ್ತ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಮಗಳಿಗೆ ಹಿಂದೆ ಕ್ಯಾರಿಯರ್ ಹಿಡಿದುಕೊಳ್ಳಲು ಹೇಳಿ, ತಾನು ಹ್ಯಾಂಡಲ್ ಹಿಡಿದು ಸ್ಟ್ಯಾಂಡ್ ತೆಗೆದಳು. ಇಬ್ಬರಿಗೂ ಹೊಡೆಯಲು ಬರುತ್ತಿರಲಿಲ್ಲ. ಹರದಾರಿ ದೂರವನ್ನು ತಳ್ಳಿಕೊಂಡೇ ಹೋಗಬೇಕಿತ್ತು. ಗೇಟಿನವರೆಗೆ ಹೋದವಳು ನಿಂತು, ನನ್ನ ಕಡೆ ತಿರುಗಿದಳು.

“ಈ ಮಾತು ನಮ್ಮಜ್ಜಿಗೆ ಒಂದ ಸಾರಿ ಹೇಳಬೇಕಿತ್ರಿ ಸರ್. ತನ್ನಿಂದಾನ ನನ್ನ ಸಾಲಿ ಬಿಡ್ತು ಅಂತ, ಸಾಯೋತನಕ ಶನಿವಾರ ಆಕಿ ಉಣ್ಣಲಿಲ್ಲ.”